ಜಟಕಾ ನಿಂತ ಬಾಗಿಲು

ಶಿರಾ, ೯-೨-೧೯೫೮

ತಮ್ಮ ಗೌಸನಿಗೆ ಸಲಾಂ.

ಕಾಲು ಮುರಿದುಕೊಂಡು ಎರಡು ವರ್ಷ ಮಲಗಿದ್ದವನು ನಿನ್ನೆ ಮತ್ತೆ ಜಟಕಾ ಓಟಕ್ಕೆ ಹೋದೆ. ಪೇಟೆ ಬೀದಿಯವರೆಗೂ ನಮ್ಮ ಕುದುರೆಯೇ ಮುಂದಿತ್ತು. ಅಲ್ಲಿ ಒಂದು ಮನೆಯ ಮುಂದೆ ಗಕ್ಕನೆ ನಿಂತುಬಿಟ್ಟಿತು. ಯಾರ ಮನೆ ಎಂದು ನಿನಗೆ ಬೇರೆ ಹೇಳಬೇಕೇ? ನನ್ನ ಮಾತು ಮೀರಿ ಮದುವೆಯಾದ ನಮ್ಮ ತಂಗಿ ಜೈತೂನಳದು. ಆ ಹೊಸ್ತಿಲು ತುಳಿಯುವುದಿಲ್ಲ ಎಂದು ನಿನ್ನಿಂದ ಆಣೆ ಮಾಡಿಸಿದ್ದೆ. ನಾನು ಮಲಗಿದ್ದಾಗ ಜಟಕಾ ಹೊಡೆದವನು ನೀನು. ನನ್ನ ಕಣ್ಣಿಗೆ ಮಣ್ಣೆರಚಿ, ನನ್ನ ಗಾಡಿಯಲ್ಲೇ ದಿನಾ ಅಲ್ಲಿಗೆ ಹೋಗಿದ್ದೀಯಲ್ಲ, ನಾಚಿಕೆಯಾಗಲಿಲ್ಲವೇ?

ಚಾಟಿ ಬೀಸಿದರೂ ಕುದುರೆ ಅಲುಗಾಡಲಿಲ್ಲ. ಉಳಿದವರೆಲ್ಲ ಕೇಕೆ ಹಾಕುತ್ತ ಮುಂದೆ ಹೋದರು. ಅವಳು ಬೆಲ್ಲ ಹಿಡಿದುಕೊಂಡು ಹೊರಗೆ ಬಂದಳು.

"ಇಳಿ ಭಯ್ಯಾ. ನೀನು ಇಳಿಯೋಗಂಟ ಅದು ಕದಲಾಕಿಲ್ಲ," ಎಂದಳು.

ಇಳಿದೆ. ಇನ್ನೇನು ಮಾಡಲಿ?

ನಿನ್ನ ಮೇಲಿನ ಸಿಟ್ಟು ತಣ್ಣಗಾಗಿಲ್ಲ, ತಿಳಿದುಕೋ. ಪಾವಗಡದಿಂದ ಬರುವಾಗ ಹೊಸ ಲಗಾಮು ತಾ. ಮುಂದಿನ ಓಟದ ದಿನ ಜೈತೂನಳನ್ನು ನೀನೇ ಕರೆತಂದು, ಕೈಗೆ ಬೆಲ್ಲ ಕೊಟ್ಟು, ಓಟ ಮುಗಿಯುವ ಗೆರೆಯ ಆಚೆ ನಿಲ್ಲಿಸು.

ನಿನ್ನ ಅಣ್ಣ,
ಕುತುಬುದ್ದೀನ್