ನಲವತ್ತನೇ ನಂಬರ್ ಜೋಂಗಾ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 6.10

ಎಣಿಸಿದೆ. ನಲವತ್ತೇಳು. ನಿನ್ನೆಯೂ ನಲವತ್ತೇಳು, ಮೊನ್ನೆಯೂ. ಬೀಗ ಹಾಕಿದ ಟ್ರಂಕಿನಿಂದ ಕಾರ್ಡುಗಳು ಎದ್ದು ಹೋಗುವುದಿಲ್ಲ ಅಂತ ಗೊತ್ತು. ಆದರೂ ಎಣಿಸದೆ ಮೆಸ್ಸಿಗೆ ಇಳಿದರೆ ಇಡ್ಲಿ ಗಂಟಲಲ್ಲೇ ನಿಲ್ಲುತ್ತದೆ.

ಯಶಸ್ವಿನಿ ಹೊದಿಕೆಯೊಳಗಿಂದಲೇ, "ಎಲ್ಲಾ ಗಾಡಿನೂ ಡಿಪೋಗೆ ಬಂದ್ವೇನೇ ಮೇಘಾ?" ಅಂದಳು. ಹಾಸನದ ಈ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಅರಕಲಗೂಡಿನ ಕಡೆಯವಳು, ಮನೆಯಲ್ಲಿ ಶುಂಠಿ, ಹೊಗೆಸೊಪ್ಪು. ಅವಳಿಗೆ ಯಾವುದಕ್ಕೂ ಭಯವಿಲ್ಲ. ಇಂಟರ್ನಲ್ಸ್‌ಗೂ ಇಲ್ಲ.

ಆರನೇ ಕ್ಲಾಸಿಗೆ ನನ್ನನ್ನು ರೆಸಿಡೆನ್ಷಿಯಲ್ ಸ್ಕೂಲಿಗೆ ಬಿಡಲು ಬಂದ ದಿನ ದಿಲೀಪ್ ಮಾಮ ಕಾರ್ಡುಗಳ ಈ ಬಿಸ್ಕೆಟ್ ಡಬ್ಬಿಯನ್ನು ಕೈಗಿಟ್ಟಿದ್ದ. "ಅಳು ಬಂದ್ರೆ ಇವನ್ನ ಎಣ್ಸು ಪುಟ್ಟಿ. ನಲವತ್ತೇಳು ಆಗೋ ಹೊತ್ಗೆ ನಿಂತೋಗ್ತದೆ." ಅವನು ಹೊಳೆನರಸೀಪುರದಲ್ಲಿ ಹುಡುಗನಾಗಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಕಾರ್ಡುಗಳು. ಒಂದು ಗಮ್ಮಿಗೆ ಒಂದು ಗಾಡಿ. ಕಾರು ಇಪ್ಪತ್ನಾಲ್ಕು, ಮಿಲಿಟರಿ ಗಾಡಿ ಇಪ್ಪತ್ನಾಲ್ಕು. ಅಂಬಾಸಿಡರ್, ಹೆರಾಲ್ಡ್, ಶಕ್ತಿಮಾನ್ ಲಾರಿ, ವಿಜಯಂತ ಟ್ಯಾಂಕ್. ನಲವತ್ತನೇ ನಂಬರ್ ಮಾತ್ರ ಅವನಿಗೆ ಸಿಗಲೇ ಇಲ್ಲ. ಜೋಂಗಾ, ಮಿಲಿಟರಿ ಜೀಪು. ಅದಕ್ಕಾಗಿ ಹಲ್ಲು ಹುಳುಕಾಗುವಷ್ಟು ಗಮ್ ಅಗಿದನಂತೆ.

ಈಗ ಸಿಕ್ಕಿದೆ. ಅಂದರೆ, ಅದು ಇರುವವರು ಸಿಕ್ಕಿದ್ದಾರೆ. ಹಳೇ ಕಾರ್ಡ್ ಕೂಡಿಡುವವರ ವಾಟ್ಸಾಪ್ ಗ್ರೂಪಿನಲ್ಲಿ, ಚನ್ನರಾಯಪಟ್ಟಣದ ಗೊಮ್ಮಟೇಶ್ ಅಂತ. ಪಾತ್ರೆ ಅಂಗಡಿ. ಭಾನುವಾರ ಬಾ ಅಂದಿದ್ದಾರೆ. ಗೊತ್ತಿಲ್ಲದ ಅಂಗಡಿ, ಗೊತ್ತಿಲ್ಲದ ಮನುಷ್ಯರು... ಈಗಿನಿಂದಲೇ ಅಂಗೈ ಒದ್ದೆ.

ನವೆಂಬರ್ 9, ಭಾನುವಾರ. ಸಂಜೆ

ಹೋಗಿ ಬಂದೆ. ಬದುಕಿದ್ದೇನೆ.

ಗೊಮ್ಮಟೇಶ್ ಅಂಕಲ್ ಅರವತ್ತು ದಾಟಿದವರು. ಕನ್ನಡಕಕ್ಕೆ ದಾರ. ಒಂದು ಸ್ಟೀಲ್ ಕೊಡದ ಮೇಲೆ ಯಾರದೋ ಹೆಸರು ಕೊರೆಯುತ್ತಿದ್ದರು, ಟಕಟಕಟಕ. ನಲವತ್ತು ವರ್ಷದಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುವುದೇ ಕೆಲಸವಂತೆ. "ಚನ್ನರಾಯಪಟ್ಟಣದಾಗೆ ಯಾರ ಅಡಿಗೆಮನೆಗೆ ಹೋದ್ರೂ ನನ್ನ ಅಕ್ಷರ ಸಿಗ್ತದಮ್ಮ."

ಗಲ್ಲಾದ ಹಿಂದಿನ ಬೀರುವಿನಿಂದ ಆಲ್ಬಮ್ ತೆಗೆದರು. ನಲವತ್ತು. ಹಸಿರು ಜೋಂಗಾ, ಹಿಂದೆ ಬೆಟ್ಟ. ಅಂಚು ಸ್ವಲ್ಪ ಸವೆದಿದೆ, ಅಷ್ಟೆ. ಮೂಗಿನ ಹತ್ತಿರ ಹಿಡಿದು, "ಇನ್ನೂ ಗಮ್ ವಾಸನೆ ಇದೆ ನೋಡು" ಅಂದರು. ನಿಜ. ಸಿಹಿ, ಮೇಣದ ಹಾಗೆ. ಹಿಂದುಗಡೆ ಇಂಕ್ ಪೆನ್ನಿನಲ್ಲಿ: ರಾಜೀಮತಿ, 5ನೇ ಕ್ಲಾಸು, ಬಿ ಸೆಕ್ಷನ್.

ಇದಕ್ಕೆ ಎಷ್ಟು ದುಡ್ಡಾದರೂ ಕೂಡಿಸಿ ಕೊಡುತ್ತೇನೆ ಅಂದೆ. ತಲೆ ಆಡಿಸಿದರು. "ಇದನ್ನ ಕೊಡೋಕಾಗಲ್ಲಮ್ಮ. ನನ್ನ ತಂಗೀದು. ಬೇಕಾದ್ರೆ ತಗೊಂಡೋಗಿ ಹಾಸನದಲ್ಲಿ ಚೆನ್ನಾಗಿರೋ ಕಲರ್ ಜೆರಾಕ್ಸ್ ಮಾಡಿಸ್ಕೊ. ನಿಮ್ಮ ಮಾಮನ ಡಬ್ಬೀಲಿ ಜಾಗ ತುಂಬ್ತದೆ."

ಒಂದೇ ಕಂಡೀಷನ್. ಮುಂದಿನ ಭಾನುವಾರ ವಾಪಸ್ ತರುವವರೆಗೆ ನನ್ನದೊಂದು ಕಾರ್ಡ್ ಅವರಲ್ಲಿ ಇಡಬೇಕು. "ಮದುವೆಗೆ ಕೊಪ್ಪರಿಗೆ ಬಾಡಿಗೆ ಒಯ್ಯೋರೂ ಏನಾದ್ರೂ ಇಟ್ಟೇ ಹೋಗ್ತಾರೆ. ನಂಬಿಕೆ ಇಲ್ಲ ಅಂತಲ್ಲ, ಪದ್ಧತಿ." ಜೊತೆಗೆ ಒಯ್ದಿದ್ದ ಡಬ್ಬಿಯಿಂದ ವಿಜಯಂತ ಟ್ಯಾಂಕ್ ತೆಗೆದು ಕೊಟ್ಟೆ. ಮಾಮನಿಗೆ ಅದೆಂದರೆ ಪ್ರಾಣ.

ಜೋಂಗಾ ಕೈಗೆ ಬಂತು. "ಕೈ ಒರೆಸ್ಕೊಂಡು ಮುಟ್ಟಮ್ಮ. ಬೆವರು ಹತ್ತಿದ್ರೆ ಹೋಗಲ್ಲ." ಅವರು ನೋಡಿಬಿಟ್ಟಿದ್ದರು. ಬಸ್ಸಿನಲ್ಲಿ ಹಾಸನದವರೆಗೂ ನೋಟ್‌ಬುಕ್ಕಿನ ಮಧ್ಯೆ ಇಟ್ಟು, ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಬಂದೆ.

ನವೆಂಬರ್ 11, ಮಂಗಳವಾರ. ಸಂಜೆ 5.40

ಏನು ಮಾಡಿಬಿಟ್ಟೆ.

ಕ್ರಮವಾಗಿ ಬರೆಯಬೇಕು. ಬರೆದರೆ ಎದೆ ಬಡಿತ ಇಳಿಯುತ್ತದೆ ಅಂತ ಸ್ಕೂಲಿನ ಕೌನ್ಸೆಲರ್ ಹೇಳುತ್ತಿದ್ದರು.

ಕಾಲೇಜ್ ಗೇಟಿನ ಎದುರಿನ ಜೆರಾಕ್ಸ್ ಅಂಗಡಿ. ರೂಪಶ್ರೀ ಅಕ್ಕ ಎರಡೂ ಕಡೆ ಕಾಪಿ ತೆಗೆದುಕೊಟ್ಟರು, ಚೆನ್ನಾಗಿ ಬಂತು. ಕಾರ್ಡನ್ನು ವಾಪಸ್ ತೆಗೆದುಕೊಳ್ಳುವಾಗ ಬೆಳಕಿಗೆ ಹಿಡಿದೆ. ಬೆಟ್ಟದ ಮೇಲೆ ಒಂದು ಹೆಬ್ಬೆಟ್ಟು. ನನ್ನದು. ಒದ್ದೆ. ಚೂಡಿದಾರದ ತುದಿಯಿಂದ ಒರೆಸಿದೆ, ಹೋಗಲಿಲ್ಲ. ಇನ್ನೂ ಐದು ದಿನ ನನ್ನ ಹತ್ತಿರವೇ ಇರಬೇಕು... ಐದು ದಿನದಲ್ಲಿ ಎಷ್ಟು ಹೆಬ್ಬೆಟ್ಟು?

ರೂಪಶ್ರೀ ಅಕ್ಕ ಅಂದರು, "ಒರಿಜಿನಲ್ಲಾ? ಲ್ಯಾಮಿನೇಷನ್ ಮಾಡಿಸ್ಬುಡವ್ವ. ಮಾರ್ಕ್ಸ್ ಕಾರ್ಡು, ಕ್ಯಾಸ್ಟ್ ಸರ್ಟಿಫಿಕೇಟು ಎಲ್ಲಾ ಅಂಗೇ ತಾನೇ. ನೀರು ಬಿದ್ರೂ ಏನೂ ಆಗಕಿಲ್ಲ."

ಹೌದಲ್ಲ ಅನ್ನಿಸಿತು. ಸ್ಕೂಲ್ ಹಾಸ್ಟೆಲಿನಲ್ಲಿ ಏಳು ವರ್ಷ ಅದನ್ನೇ ಹೇಳಿಕೊಟ್ಟಿದ್ದಾರೆ. ಮುಖ್ಯವಾದದ್ದೆಲ್ಲ ಲ್ಯಾಮಿನೇಟ್ ಮಾಡಿಸಿ, ಫೈಲಿನಲ್ಲಿಡಿ. ಹ್ಞೂಂ ಅಂದೆ.

ಮೆಷಿನ್ ಈ ಕಡೆಯಿಂದ ನುಂಗಿತು. ಆ ಕಡೆಯಿಂದ ಬಂದಾಗ ಜೀಪಿನ ಬಾನೆಟ್ ಮೇಲೆ ಎಣ್ಣೆ ಬಿದ್ದ ಹಾಗೆ ಕಂದು ಕಲೆ. ಗಮ್ಮಿನ ಕಾಗದದ ಮೇಣ ಇಷ್ಟು ವರ್ಷ ಕಾರ್ಡಿನೊಳಗೇ ಕೂತಿತ್ತು, ಬಿಸಿಗೆ ಕರಗಿತು. ನೋಡುತ್ತಿದ್ದ ಹಾಗೇ ಕಲೆ ಬೆಟ್ಟದವರೆಗೂ ಹರಡಿತು.

ರೂಪಶ್ರೀ ಅಕ್ಕ ತಣ್ಣಗೆ, "ಹಳೇದಲ್ವಾ" ಅಂದರು. ಇಪ್ಪತ್ತು ರೂಪಾಯಿ ತೆಗೆದುಕೊಳ್ಳಲಿಲ್ಲ. ಅದಕ್ಕೇ ಇನ್ನೂ ಭಯವಾಯಿತು.

ನವೆಂಬರ್ 12. ಮಧ್ಯಾಹ್ನ, ಲ್ಯಾಬ್ ತಪ್ಪಿಸಿ

ಪ್ಲಾಸ್ಟಿಕ್ ಕಿತ್ತರೆ ಸರಿಹೋಗಬಹುದು ಅಂದುಕೊಂಡೆ. ಬ್ಲೇಡ್. ಒಂದು ಮೂಲೆಯಿಂದ ಮಾತ್ರ, ಹಿಂದುಗಡೆಯಿಂದ, ಬಹಳ ನಿಧಾನವಾಗಿ.

ಪ್ಲಾಸ್ಟಿಕ್ಕಿನ ಜೊತೆ 'ರಾ' ಎದ್ದು ಬಂತು. ಕಾರ್ಡಿನಲ್ಲಿ ಈಗ ಇರುವುದು 'ಜೀಮತಿ'.

ನಿಲ್ಲಿಸಿದೆ. ಇನ್ನು ಮುಟ್ಟುವುದಿಲ್ಲ.

ನವೆಂಬರ್ 19, ಬುಧವಾರ

ಒಂದು ವಾರ ಬರೆದಿಲ್ಲ. ಭಾನುವಾರ ವಾಪಸ್ ಕೊಡಬೇಕಿತ್ತು. ಹೋಗಲಿಲ್ಲ. ಗೊಮ್ಮಟೇಶ್ ಅಂಕಲ್ ಮೂರು ಸಲ ಫೋನ್ ಮಾಡಿದರು, ತೆಗೆಯಲಿಲ್ಲ. 'ಎಕ್ಸಾಮ್ ಇದೆ ಅಂಕಲ್' ಅಂತ ಮೆಸೇಜ್. ಅವರು ಕೈಮುಗಿಯುವ ಚಿತ್ರ ಕಳಿಸಿ, 'ಚೆನ್ನಾಗಿ ಓದಮ್ಮ'.

ಬೈದಿದ್ದರೆ ಚೆನ್ನಾಗಿತ್ತು.

ಮ್ಯಾಥ್ಸ್ ಇಂಟರ್ನಲ್ಸ್‌ನಲ್ಲಿ ಎರಡು ಪ್ರಶ್ನೆ ಬಿಟ್ಟೆ. ಪೇಪರ್ ಒದ್ದೆಯಾಗಿ ಪೆನ್ ಓಡಲಿಲ್ಲ. ಬೆಳಿಗ್ಗೆ ಡಬ್ಬಿ ಎಣಿಸಿದರೆ ನಲವತ್ತಾರು. ವಿಜಯಂತ ಅಲ್ಲಿದೆ. ನಲವತ್ತಾರಕ್ಕೆ ನಿಲ್ಲುವುದು ಅಭ್ಯಾಸವಿಲ್ಲ, ಮತ್ತೆ ಮೊದಲಿಂದ ಎಣಿಸುತ್ತೇನೆ. ಮತ್ತೆ ನಲವತ್ತಾರು.

ನವೆಂಬರ್ 20, ಗುರುವಾರ. ಸಂಜೆ 6

ಇವತ್ತು ಫೋನ್ ತೆಗೆದೆ. ತೆಗೆಯಬಾರದಿತ್ತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಈ ಭಾನುವಾರ ತಂದ್ಬಿಡಮ್ಮ. ಮಾತಾಜಿಯವರ ಸಂಘ ನಮ್ಮೂರಿಗೆ ಬರ್ತಿದೆ."

ಯಾವ ಮಾತಾಜಿ ಅಂಕಲ್ ಅಂದೆ.

"ನಮ್ಮ ರಾಜೀಮತಿ. ಈಗ ಹೆಸರು ಬೇರೆ. ದೀಕ್ಷೆ ತಗೊಂಡು ಜೈನ ಸನ್ಯಾಸಿನಿ ಆಗಿ ಇಪ್ಪತ್ತೆರಡು ವರ್ಷ ಆಯ್ತು. ದೀಕ್ಷೆ ಹಿಂದಿನ ದಿನ ಇದ್ದಿದ್ದನ್ನೆಲ್ಲ ಹಂಚಿದ್ಳು. ಒಡವೆ ಅತ್ತಿಗೆಗೆ, ಸೀರೆ ಕೆಲಸದೋರಿಗೆ. ನನಗೆ ಈ ಜೀಪು ಕೊಟ್ಳು. ಚಿಕ್ಕವರಿದ್ದಾಗ ಇದಕ್ಕೇ ಇಬ್ರೂ ಹೊಡೆದಾಡಿದ್ವಿ, ಕೊಟ್ಟಿರಲಿಲ್ಲ ಅವಳು."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅವರು ಮುಟ್ಟಲ್ಲಮ್ಮ. ತನ್ನದು ಅನ್ನೋದೇ ಇಲ್ವಲ್ಲ ಈಗ. ದೂರದಿಂದ ತೋರಿಸ್ತೀನಿ ಅಷ್ಟೆ. ನಗ್ತಾರೇನೋ ನೋಡಣ."

ಸರಿ ಅಂಕಲ್ ಅಂದೆ. ಸರಿ ಅಂದೆ!

ಟ್ರಂಕ್ ತೆಗೆದು ಡಬ್ಬಿ ಎಣಿಸಿದೆ. ನಲವತ್ತಾರು.

ನವೆಂಬರ್ 22, ಶನಿವಾರ. ಮಧ್ಯಾಹ್ನ 3

ಯಶಸ್ವಿನಿಗೆ ಎಲ್ಲ ಹೇಳಿದೆ. ಅವಳು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ ಇಷ್ಟೇನಾ. ಕಾಪಿ ಐತಲ್ಲ, ಅದ್ನೇ ಒರಿಜಿನಲ್ ಮಾಡಣ ತಗಳೇ. ಆ ಅಂಕಲ್ ಕಣ್ಗೆ ಏನ್ ಕಂಡಾತು."

ಬೇಡ ಅಂದೆ. ಎರಡು ಸಲ ಬೇಡ ಅಂದೆ. ಆಮೇಲೆ ಕತ್ತರಿ ಹುಡುಕಿ ಕೊಟ್ಟಿದ್ದು ನಾನೇ.

ಹಳೇ ಲಗ್ನಪತ್ರಿಕೆಯ ರಟ್ಟು. ಅದರ ಮುಂದೆ ಒಂದು ಕಾಪಿ, ಹಿಂದೆ ಒಂದು ಅಂಟಿಸಿದಳು. ಬಟ್ಟೆಯನ್ನು ಮೆಸ್ಸಿನ ಟೀಗೆ ಅದ್ದಿ ಸವರಿದಳು. ಗೋಡೆಗೆ ಉಜ್ಜಿ ಅಂಚು ಸವೆಸಿದಳು. ಹಿಂದಿನ ಹೆಸರು ಜೆರಾಕ್ಸಿನಲ್ಲಿ ಹೊಳೆಯುತ್ತಿತ್ತು, ಅದರ ಮೇಲೆ ಇಂಕ್ ಪೆನ್ನಿನಿಂದ ತಿದ್ದಿದಳು. "ನೋಡು. ಮಿಲ್ಟ್ರಿಯೋರೇ ಬಂದು ನೋಡಿದ್ರೂ ಗೊತ್ತಾಗಕಿಲ್ಲ."

ಚೆನ್ನಾಗಿದೆ. ಅದೇ ಭಯ. ಇಷ್ಟು ಚೆನ್ನಾಗಿರಬಾರದಿತ್ತು.

ನಿಜವಾದದ್ದನ್ನೂ ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಅಂತ ಯಶಸ್ವಿನಿ ಕೇಳಿದಳು. ಗೊತ್ತಿಲ್ಲ.

ನವೆಂಬರ್ 23, ಭಾನುವಾರ. ಬೆಳಿಗ್ಗೆ 9.50, ಬಸ್ಸು

ಅಕ್ಷರ ಕುಣಿಯುತ್ತಿದೆ. ಬ್ಯಾಗಿನ ಮುಂದಿನ ಜಿಪ್ಪಿನಲ್ಲಿ ಹೊಸದು. ಹಿಂದಿನ ಜಿಪ್ಪಿನಲ್ಲಿ ನಿಜವಾದದ್ದು. ಹೇಳಿಬಿಡುತ್ತೇನೆ. ಅಂಗಡಿ ಮೆಟ್ಟಿಲು ಹತ್ತಿದ ತಕ್ಷಣ ಹೇಳಿಬಿಡುತ್ತೇನೆ. 'ಅಂಕಲ್, ಸಾರಿ, ಒಂದು ತಪ್ಪಾಗಿದೆ.' ಏಳು ಸಲ ಪ್ರಾಕ್ಟೀಸ್ ಮಾಡಿದೆ. ಪಕ್ಕದ ಸೀಟಿನ ಅಜ್ಜಿ, "ಮಂತ್ರ ಏಳ್ಕತ್ತಿದ್ದೀಯೇನವ್ವ" ಅಂದರು.

ನವೆಂಬರ್ 23. ಮಧ್ಯಾಹ್ನ 12.30, ಬಸ್ ಸ್ಟ್ಯಾಂಡ್ ಬೆಂಚು

ಹೇಳಲಿಲ್ಲ.

ಅವರು ಬಿಳಿ ಪಂಚೆ, ಬಿಳಿ ಅಂಗಿ ಹಾಕಿಕೊಂಡು ರೆಡಿಯಾಗಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಬಂದ್ಯಾ ತಾಯಿ." ಅಷ್ಟಕ್ಕೇ ಏಳು ಸಲದ ಪ್ರಾಕ್ಟೀಸ್ ಹೋಯಿತು. ಕೈ ತಾನಾಗಿ ಮುಂದಿನ ಜಿಪ್ಪಿಗೆ ಹೋಯಿತು.

ಮೂಗಿನ ಹತ್ತಿರ ಹಿಡಿದರು. ಟೀ ವಾಸನೆ ಇದೆ ಅಂತ ನನಗೆ ಗೊತ್ತು. ಇನ್ನೊಮ್ಮೆ ಮೂಸಿದರು. "ನೆಗಡಿ ಕಣಮ್ಮ ಮೂರು ದಿನದಿಂದ. ವಾಸನೆನೇ ಗೊತ್ತಾಗ್ತಿಲ್ಲ."

ಹಿಂದೆ ತಿರುಗಿಸಿದರು. ಕನ್ನಡಕ ಏರಿಸಿದರು. ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಹೆಸರು ಕೊರೆದವರು.

"ಅವಳ ಅಕ್ಷರ ಇಷ್ಟು ದುಂಡಗಿತ್ತಾ?" ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡರು. ಆಮೇಲೆ ನಕ್ಕರು. "ನನಗೇ ಮರೆತೋಗಿದೆ ನೋಡು. ವಯಸ್ಸಾಯ್ತು."

ಅಂಗಿ ಜೇಬಿಗೆ ಹಾಕಿಕೊಂಡರು. ವಿಜಯಂತ ಟ್ಯಾಂಕನ್ನು ಕಾಗದದಲ್ಲಿ ಸುತ್ತಿಟ್ಟಿದ್ದರು, ವಾಪಸ್ ಕೊಟ್ಟರು. ಒಂದು ಗೀರೂ ಇಲ್ಲ. "ಮಧ್ಯಾಹ್ನ ಬಸದಿಗೆ ನೀನೂ ಬಾ. ಈ ಕಾಲದಲ್ಲೂ ಒಂದು ಹುಡುಗಿ ಇದನ್ನೆಲ್ಲ ಕೂಡಿಡ್ತಾಳೆ ಅಂತ ಅವರಿಗೆ ತೋರಿಸ್ಬೇಕು."

ಊಟ ಮಾಡಿ ಬರುತ್ತೇನೆ ಅಂತ ಹೇಳಿ ಇಲ್ಲಿಗೆ ಬಂದೆ. ಹಾಸನದ ಬಸ್ಸು ಎದುರಿಗೇ ನಿಂತಿದೆ. ಹತ್ತಿದರೆ ಮುಗಿಯಿತು. ಎಲ್ಲ ನಲವತ್ತೇಳೂ ಆಗುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಅವರು ತಂಗಿಯ ಅಕ್ಷರ ಮರೆತಿಲ್ಲ. ಸರಿಯಾಗೇ ನೆನಪಿದೆ. ಮರೆತೆ ಅಂದುಕೊಂಡು ಬಸದಿಗೆ ಹೋಗುತ್ತಾರೆ.

ಬಸ್ಸು ಹೊರಟಿತು. ನಾನು ಹತ್ತಲಿಲ್ಲ.

ನವೆಂಬರ್ 23. 3.15, ಬಸದಿಯ ಅಂಗಳ

ಕಂಬದ ಪಕ್ಕ ಕೂತು ಬರೆಯುತ್ತಿದ್ದೇನೆ. ಸಾಲಿನಲ್ಲಿ ಅಂಕಲ್ ಮುಂದೆ ಐದು ಜನ. ಒಳಗೆ ಮಣೆಯ ಮೇಲೆ ಬಿಳಿ ಸೀರೆಯ ಮಾತಾಜಿ, ಪಕ್ಕದಲ್ಲಿ ನವಿಲುಗರಿಯ ಕುಂಚ, ಪಿಂಛಿ. ಬಹಳ ತೆಳ್ಳಗಿದ್ದಾರೆ. ಕಿವಿ ಮಾತ್ರ ಅಂಕಲ್ ಥರಾನೇ.

ನಾನು ಬಂದ ತಕ್ಷಣ ಹೇಳಬೇಕಿತ್ತು. "ಅಂಕಲ್" ಅಂದೆ. "ಆಮೇಲಮ್ಮ, ಆಮೇಲೆ" ಅಂದರು. ಅಂಗಿ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಣ್ಣನಿಗೂ ಭಯವಾಗುತ್ತದೆ ಅಂತ ಗೊತ್ತಿರಲಿಲ್ಲ.

ಮೂರು ಜನ.

ಮಾತಾಜಿ ಸುಳ್ಳು ಕಾರ್ಡ್ ನೋಡಿ ನಕ್ಕರೆ? ನಗದಿದ್ದರೆ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಭಯ ಅಂತ ಯೋಚಿಸಿದೆ. ನಕ್ಕರೆ.

ಹಿಂದಿನ ಜಿಪ್ ತೆಗೆದೆ. ಕಲೆ ಹಾಗೇ ಇದೆ. ಜೀಮತಿ. ಪ್ಲಾಸ್ಟಿಕ್ ಎದ್ದ ಮೂಲೆಯಲ್ಲಿ ಮೂಸಿದೆ. ವಾಸನೆ ಇನ್ನೂ ಇದೆ, ಸ್ವಲ್ಪ.

ಒಬ್ಬರು. ಅಂಕಲ್ ಜೇಬಿಗೆ ಕೈ ಹಾಕಿದರು. ಅಂಗೈ ಪೂರ್ತಿ ಒದ್ದೆ, ಒರೆಸಿಕೊಳ್ಳುತ್ತಾ ಕೂತರೆ ಆಗುವುದಿಲ್ಲ. ಏಳುತ್ತೇನೆ. ಅಂಕಲ್, ಅದಲ್ಲ, ಇದು ಅಂತ...