ನೀರಿನ ಮೇಲೆ ಕಂಡ ಹೆಬ್ಬೆರಳು

ಶನಿವಾರ, ಮಾರ್ಚ್ 14

ಗಡಿಯಾರ ರಿಪೇರಿಯ ಮುದುಕರಿಗೆ ಆರು ವಾರ ನಮ್ಮ ಮಾರ್ಮನ್ ಕ್ರೈಸ್ತ ಸಭೆಯ ಪಾಠ ಹೇಳಿದವನು ನಾನು. ದೀಕ್ಷಾಸ್ನಾನ ಮಾತ್ರ ಅವರಿಗೆ ಉದ್ದನೆಯವನ ಕೈಯಲ್ಲೇ ಬೇಕಂತೆ. ಅವನು ಧರ್ಮಪ್ರಚಾರಕ್ಕೆ ನನ್ನ ಜೊತೆಗಾರನಾಗಿ ಬಂದದ್ದು ಈ ಸೋಮವಾರ. "ನೀನು ಸಣಕಲಪ್ಪ, ನನ್ನ ಭಾರ ತಡೀತೀಯಾ?" ಎಂದು ಗುರುವಾರ ನಕ್ಕರು. ನಾನೂ ನಕ್ಕೆ. ಅಂದಿನಿಂದ ಹೊಟ್ಟೆ ಉರಿಯುತ್ತಲೇ ಇದೆ.

ಇಂದು ನಾನು ಬರೀ ಸಾಕ್ಷಿ. ಮೈಯೆಲ್ಲ ಮುಳುಗಿತೇ ಎಂದು ನೋಡಬೇಕು, ಅಷ್ಟೇ; ಒಂದು ಬೆರಳು ಮೇಲುಳಿದರೂ ಮತ್ತೆ ಮುಳುಗಿಸಬೇಕು. ಉದ್ದನೆಯವನು ಅವರನ್ನು ತೊಟ್ಟಿಯಲ್ಲಿ ಹಗುರವಾಗಿ ಮುಳುಗಿಸಿ ಎತ್ತಿದ.

"ಕಾಲಿನ ಹೆಬ್ಬೆರಳು ಮೇಲಿತ್ತು. ಇನ್ನೊಂದ್ಸಲ," ಎಂದೆ.

"ನನಗೇನೂ ಕಾಣಲಿಲ್ಲಪ್ಪ," ಎಂದರು ಇನ್ನೊಬ್ಬ ಸಾಕ್ಷಿ, ದರ್ಜಿ.

ಆದರೂ ಉದ್ದನೆಯವನು ಮತ್ತೆ ಮುಳುಗಿಸಿದ. ಮುದುಕರ ಮೂಗಿಗೆ ನೀರು ಹೋಗಿ ಬಹಳ ಹೊತ್ತು ಕೆಮ್ಮಿದರು.

ಮನೆಗೆ ಬರುವ ದಾರಿಯಲ್ಲಿ ಉದ್ದನೆಯವನು, "ನೀನು ನೋಡಿದ್ದು ಒಳ್ಳೇದಾಯ್ತು ಕಣೋ," ಎಂದ. ಈಗ ಪಕ್ಕದ ಮಂಚದಲ್ಲಿ ನಿದ್ದೆ ಮಾಡುತ್ತಿದ್ದಾನೆ. ಆಗ ತೊಟ್ಟಿಯ ನೀರು ಅಲುಗುತ್ತಿತ್ತು. ಬೆರಳು ಕಂಡಿತು ಎಂದು ಇಲ್ಲಿ ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ.