ತಂತಿ ಕಡಿದವರ ಹೆಸರು

ಹಿರೇಬೆಂಡಿಗೇರಿ,
ತಾ. ೨೨ ನವೆಂಬರ್ ೧೯೪೯

ಚಿರಂಜೀವಿ ತಮ್ಮ ಚಂದ್ರಪ್ಪನಿಗೆ ನಿನ್ನ ಅಕ್ಕ ಹೊನ್ನವ್ವನ ಆಶೀರ್ವಾದ.

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಸಿಟ್ಟಾಗುವ ಸರದಿ ಈಗ ನನ್ನದು, ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇಲ್ಲಿ ಎಲ್ಲರೂ ಆರಾಮ. ಬಿಳಿಜೋಳ ಚೆನ್ನಾಗಿ ಎದ್ದಿದೆ. ಕರಿ ಆಕಳು ಹೆಣ್ಣುಗರು ಹಾಕಿದೆ. ನೀನು ಕಳಿಸಿದ ಸ್ವೆಟರ್ ನನಗೆ ಬಿಗಿಯಾಯಿತು, ನೆರೆಮನೆಯ ರಹಿಮಾಬಿಗೆ ಕೊಟ್ಟೆ. ಆಕೆಗೂ ಬಿಗಿಯೇ, ಆದರೂ ಬಿಚ್ಚುತ್ತಿಲ್ಲ.

ಇನ್ನು ಸಿಟ್ಟಿನ ವಿಷಯ. ಹೋದ ವರ್ಷ ನಮ್ಮ ಮನೆಯಲ್ಲಿ ಸಿನೇಮಾ ತೆಗೆದರಲ್ಲ, ಅದಕ್ಕೆ ನಿಮ್ಮ ಮುಂಬಯಿಯಲ್ಲಿ ಬಂಗಾರದ ಪದಕ ಬಂದಿದೆಯಂತೆ. ರಾಜಾ ರಾಣಿ ಕಥೆಯಲ್ಲ, ನಡೆದದ್ದನ್ನು ನಡೆದ ಹಾಗೆ ತೋರಿಸುವ ಚಿತ್ರ ಎಂದು ಶಿಗ್ಗಾಂವಿಯ ಲಕ್ಕಪ್ಪ ಮಾಸ್ತರರು ಹೇಳಿದ್ದರು. ನಡೆದ ಹಾಗೆ! ಹೇಗೆ ನಡೆಯಿತು ಎಂದು ನನ್ನಿಂದ ಕೇಳು.

ನಲವತ್ತೆರಡರ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕಡಿದವರ ಮನೆ ಹುಡುಕಿಕೊಂಡು ಆ ಸಿನೇಮಾದ ಸಾಹೇಬ ಬಂದಿದ್ದ. ಕನ್ನಡ ಬಾರದು. ದುಭಾಷಿಯಾಗಿ ಮಾಸ್ತರರು. ಮೊದಲು ನನ್ನ ಬೀಸುಕಲ್ಲನ್ನು ಎತ್ತಿ ಅಂಗಳದ ಬಿಸಿಲಿಗೆ ತಂದಿಟ್ಟರು. ಒಳಗೆ ಬೆಳಕಿಲ್ಲವಂತೆ. "ಕಾಳ ಹಾಕಬ್ಯಾಡ್ರಿ ಅವ್ವಾರ, ಬರೇ ತಿರಿಗಿಸ್ರಿ" ಎಂದರು ಮಾಸ್ತರರು. ಕಾಳಿಲ್ಲದ ಬೀಸುಕಲ್ಲು ತಿರುಗಿಸಿದರೆ ಕಲ್ಲು ಹಾಳಾಗುತ್ತದೆ ಎಂದು ಗೊತ್ತಿಲ್ಲದವರು ದೇಶದ ಚರಿತ್ರೆ ತೆಗೆಯಲು ಬಂದಿದ್ದರು. ಆಮೇಲೆ ಖಾಲಿ ಕೊಡ ಹೊರಿಸಿ ಬಾವಿಯಿಂದ ಮನೆಗೆ ಮೂರು ಸಲ ನಡೆಸಿದರು. "ಯಾಕ್ರಿ ಮಾಸ್ತರ, ನನಗೇನ್ ಹುಚ್ಚ ಹಿಡದೈತೇನು?" ಎಂದೆ. "ಏನ್ ಮಾಡೂದ್ರಿ, ಸಾಹೇಬರಿಗೆ ನಿಮ್ಮ ಕಷ್ಟ ಕಾಣಬೇಕಂತ" ಎಂದರು. ನನ್ನ ಕಷ್ಟ ಕೊಡದಲ್ಲಿದೆ ಎಂದು ಅವನಿಗೆ ಯಾರು ಹೇಳಿದರೋ ಶಿವನೇ ಬಲ್ಲ.

ಅದನ್ನೆಲ್ಲ ಸಹಿಸಿದೆ. ಕೊನೆಗೆ ಮೈದುನ ಪರಮೇಶಪ್ಪ ಮತ್ತು ನಾನು ಬಾಗಿಲಲ್ಲಿ ನಿಂತೆವು. ಮಾಸ್ತರರು ಕೇಳಿದರು, "ತಂತಿ ಕಡದ ಜೇಲಿಗೆ ಹೋದವರು ಯಾರು? ನಿಮ್ಮ ಯಜಮಾನರ ಹೆಸರ ಹೇಳ್ರಿ ಅವ್ವಾರ."

ನಾನು ಹೇಗೆ ಹೇಳಲಿ, ಚಂದ್ರಪ್ಪ? ನಮ್ಮ ಪೈಕಿ ಯಾವ ಹೆಣ್ಣು ಗಂಡನ ಹೆಸರು ಹಿಡಿದಿದ್ದಾಳೆ? "ನಮ್ಮವರು" ಎಂದೆ. ಅದು ಸಾಲದಂತೆ. "ಒಡಪಿನಾಗರ ಹೇಳ್ರಿ, ಮದಿವ್ಯಾಗ ಹೇಳ್ತೀರಲ್ಲ" ಎಂದರು ಮಾಸ್ತರರು. ಒಡಪಿನ ಪದ್ಯದಲ್ಲಿ ಗಂಡನ ಹೆಸರು ಸೇರಿಸಿ ಹೇಳುವುದು ಮುತ್ತೈದೆಯರು. ನನ್ನ ಖಾಲಿ ಹಣೆ ಎದುರಿಗೇ ಇತ್ತು, ಕಲಿತ ಮನುಷ್ಯನಿಗೆ ಅಷ್ಟೂ ಕಾಣಲಿಲ್ಲ. ನನಗೆ ರೇಗಿತು. ಎಲ್ಲ ಹೆಂಗಸರೂ ಮಾಡುವಂತೆ, ಪಕ್ಕದಲ್ಲಿದ್ದ ಮನೆಯ ಗಂಡಸಿನ ಕಡೆ ಕೈ ಮಾಡಿ, "ನೀ ಹೇಳೋ ಪರಮೇಶಿ" ಎಂದು ಸೆರಗು ಮುಂದೆಳೆದುಕೊಂಡೆ.

ಸಾಹೇಬ ತಟ್ಟನೆ ಯಂತ್ರವನ್ನು ಅವನ ಕಡೆ ತಿರುಗಿಸಿದ. ನಮ್ಮ ಪರಮೇಶಪ್ಪನನ್ನು ನೀನು ಬಲ್ಲೆ. ಮಾಮಲೇದಾರರ ಎದುರು ನಿಂತರೂ ಸಾಕು, ಕೇಳುವ ಮೊದಲೇ ತನ್ನ ಹೆಸರು, ಅಪ್ಪನ ಹೆಸರು, ಊರು, ತಾಲೂಕು ಒಪ್ಪಿಸಿಬಿಡುವ ಪ್ರಾಣಿ. ಎದೆ ಉಬ್ಬಿಸಿ, ಕೈ ಜೋಡಿಸಿ, "ಪರಮೇಶಪ್ಪ ಗುತ್ತೆಪ್ಪ, ಸಾಕೀನ ಹಿರೇಬೆಂಡಿಗೇರಿ, ತಾಲೂಕ ಶಿಗ್ಗಾಂವಿ" ಎಂದ. ಸಾಹೇಬ ಶಹಬಾಸ್ ಎಂದು ಯಂತ್ರ ನಿಲ್ಲಿಸಿದ. "ಅಲ್ರಿ, ಅದು ಇವನ ಹೆಸರು" ಎಂದು ನಾನು ಹೇಳುವಷ್ಟರಲ್ಲಿ ರೀಲು ಮುಗಿಯಿತೆಂದು ಗಾಡಿ ಹತ್ತಿದ. ಮಾಸ್ತರರು, "ನಾ ಕಾಗದಾ ಬರದ ತಿಳಸ್ತೇನಿ, ನೀವು ಕಾಳಜಿ ಬಿಡ್ರಿ" ಎಂದರು. ನಾನೂ ಬಿಟ್ಟೆ.

ಹೋದ ತಿಂಗಳು ಶಿಗ್ಗಾಂವಿ ಸಂತೆಯ ದಿನ ಪ್ರಚಾರದ ವ್ಯಾನು ಬಂತು. ದೀಪ ಹಚ್ಚುವ ಹೊತ್ತಿಗೆ ಬಿಳಿ ಅರಿವೆ ಕಟ್ಟಿ ಚಿತ್ರ ಬಿಟ್ಟರು. ಪರಮೇಶಪ್ಪ, ಅವನ ಹೆಂಡತಿ ಸರೋಜವ್ವ, ನಾನು, ರಹಿಮಾಬಿ, ಎಲ್ಲರೂ ಹೋಗಿದ್ದೆವು. ನನ್ನ ಬೀಸುಕಲ್ಲು ಬಂತು, ಖಾಲಿ ಕೊಡ ಬಂತು, ಜನ ಅಯ್ಯೋ ಪಾಪ ಎಂದರು. ಆಮೇಲೆ ನಾವಿಬ್ಬರೂ ಬಾಗಿಲಲ್ಲಿ ನಿಂತದ್ದು ಬಂತು. ಎಲ್ಲಿಂದಲೋ ಒಂದು ಗಂಡುದನಿ ಹೇಳಿತು: ಇವರೇ ತಂತಿ ಕಡಿದು ಸೆರೆಮನೆ ಕಂಡು ಬಂದ ವೀರ ಪರಮೇಶಪ್ಪನವರು, ಪಕ್ಕದಲ್ಲಿ ಅವರ ಧರ್ಮಪತ್ನಿ!

ಧರ್ಮಪತ್ನಿ, ಚಂದ್ರಪ್ಪ! ಯಾರಿಗೆ ಯಾರು? ಆ ಮನುಷ್ಯ ಹನ್ನೆರಡು ವರ್ಷದವನಿದ್ದಾಗ ನಾನು ಈ ಮನೆಗೆ ಬಂದವಳು, ಅವನ ತಲೆಗೆ ಎಣ್ಣೆ ಹಚ್ಚಿ ಎರೆದವಳು. ನಮ್ಮವರು ತಂತಿ ಕಡಿದ ಮರುದಿನವೇ ಅವನು ಸವಣೂರಿನ ಮಾವನ ಮನೆ ಸೇರಿ, ನಾಲ್ಕು ತಿಂಗಳು ಅಟ್ಟದ ಮೇಲೆ ಕುಳಿತು ಶೇಂಗಾ ತಿಂದಿದ್ದ. ಸೆರೆಮನೆ ಕಂಡು ಬಂದನಂತೆ! ಬಂದವರಾದರೂ ಯಾರು? ಹೋದವರು ಅಲ್ಲಿಯೇ ಜ್ವರದಲ್ಲಿ ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಹಾಗಾಯಿತು ಈ ಪದಕದವರ ಕಥೆ.

ರಹಿಮಾಬಿ ಒಬ್ಬಳೇ ಎದ್ದು ನಿಂತು ಕೂಗಿದಳು. "ಏ ಮಷೀನ ಬಂದ ಮಾಡ್ರೋ! ತಂತಿ ಕಡದಾಂವ ಈತಲ್ಲ, ಇವರಣ್ಣ!" ಎಂದು ನಮ್ಮವರ ಹೆಸರು ಹಿಡಿದೇ ಕೂಗಿದಳು. ಅವಳ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತು! ಜನ "ಕುಂದರಬೇ ಮುದಕಿ" ಎಂದು ಅವಳನ್ನೇ ಗದರಿಸಿ ಕೂಡಿಸಿದರು.

ಈಗ ಮನೆಯ ಹಾಡು ಕೇಳು. ಸರೋಜವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. "ನನ್ನ ಗಂಡನ್ನ ಕಸಗೊಂಡು ಪಡದೆ ಮ್ಯಾಲೆ ಮೆರದಾಳ" ಎಂದು ಬಾವಿಕಟ್ಟೆಯಲ್ಲಿ ಹೇಳುತ್ತಾಳಂತೆ. ತನ್ನ ಗಂಡ ವೀರನಾದದ್ದಕ್ಕೆ ಮಾತ್ರ ಅವಳದೇನೂ ತಕರಾರಿಲ್ಲ. ಶಿಗ್ಗಾಂವಿಯವರು ಪರಮೇಶಪ್ಪನಿಗೆ ಹಾರ ಹಾಕಿ ಶಾಲು ಹೊದಿಸಿದರು. ಶಾಲು ಹೊದ್ದುಕೊಂಡೇ ಮನೆಗೆ ಬಂದ. "ನಾ ಅಲ್ಲ, ನಮ್ಮಣ್ಣ ಅಂತ ಹೇಳಿದೆ ವೈನಿ, ನಿಮ್ಮಾಣಿ. ಚಪ್ಪಾಳಿ ಸದ್ದಿನಾಗ ಯಾರಿಗೂ ಕೇಳಸಲಿಲ್ಲ" ಎಂದ. "ಚಪ್ಪಾಳಿ ನಿಂತ ಮ್ಯಾಲೆ ಯಾಕ ಹೇಳಲಿಲ್ಲೋ?" ಎಂದೆ. ಅವನು ಶಾಲು ತೆಗೆದು ಮಡಚಿದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಜಗಳವಾಡಲು ನನಗೂ ಸಲೀಸಾಗುತ್ತಿತ್ತು.

ಮಾಸ್ತರರನ್ನು ತರಾಟೆಗೆ ತೆಗೆದುಕೊಂಡೆ. ಅವರು ಬರೆಯುತ್ತೇನೆಂದ ಕಾಗದ ಬರೆದೇ ಇರಲಿಲ್ಲ. ಇನ್ನು ಸಂಕ್ರಾಂತಿಯೊಳಗೆ ಚಿತ್ರವನ್ನು ಸವಣೂರು, ಹಾನಗಲ್ಲು, ಅಕ್ಕಿಆಲೂರು, ಹಿರೇಕೆರೂರಿನಲ್ಲೆಲ್ಲ ತೋರಿಸುತ್ತಾರಂತೆ. ಒಮ್ಮೆ ನಾಲ್ಕು ಊರು ನೋಡಿ ಚಪ್ಪಾಳೆ ತಟ್ಟಿದರೆ ಮುಗಿಯಿತು. ನಮ್ಮವರು ಹೋದದ್ದೂ ಸುಳ್ಳು, ಇದ್ದದ್ದೂ ಸುಳ್ಳು. ಮಕ್ಕಳಿಲ್ಲದ ನನಗೆ ಅವರದೆಂದು ಉಳಿದಿರುವುದು ಆ ಹೆಸರು ಒಂದೇ.

ಅದಕ್ಕೇ ಈ ಕಾಗದ. ಇದರೊಳಗೆ ಒಂದು ಅರ್ಜಿ ಇಟ್ಟಿದ್ದೇನೆ. ನೀನು ಗಿರಣಿಗೆ ಒಂದು ದಿನ ರಜೆ ಹಾಕಿ ಆ ಸಾಹೇಬನ ಆಫೀಸಿಗೆ ಹೋಗಲೇಬೇಕು. ಅವನ ಕೈಯಲ್ಲೇ ಕೊಡು, ಜವಾನನ ಕೈಗೆ ಕೊಟ್ಟು ಬರಬೇಡ. ಚಿತ್ರ ಬದಲಿಸಲು ಆಗದಿದ್ದರೆ ಆ ದನಿಯನ್ನಾದರೂ ಬದಲಿಸಲಿ, ಅದೂ ಆಗದಿದ್ದರೆ ನನ್ನನ್ನು ಪೂರಾ ತೆಗೆದುಹಾಕಲಿ. ಹೆಂಡತಿಯೇ ತನ್ನ ಕೈಯಿಂದ ಬರೆದರೆ ಮಾತ್ರ ನಂಬುತ್ತಾರೆಂದು ಮಾಸ್ತರರು ಹೇಳಿದ್ದರಿಂದ ನಾನೇ ಬರೆದಿದ್ದೇನೆ. ಹೆಸರಿನ ಜಾಗ ಮಾತ್ರ ಖಾಲಿ ಇದೆ. ಮೂರು ಹಾಳೆ ಕೆಡಿಸಿದೆ, ಆಗಲಿಲ್ಲ. ನೀನು ತುಂಬು.

ಮೈ ಕಡೆ ಲಕ್ಷ್ಯವಿರಲಿ. ಸಿಟ್ಟಿನಲ್ಲಿ ಬರೆದದ್ದರಿಂದ ಅಕ್ಷರ ಸೊಟ್ಟಗಾಗಿದೆ, ಆಶೀರ್ವಾದ ಸೊಟ್ಟಗಿಲ್ಲ. ನಿನ್ನ ಹೆಂಡತಿಗೂ ಕೂಸಿಗೂ ಬಸವಣ್ಣ ಒಳ್ಳೆಯದು ಮಾಡಲಿ.

ಇಂತಿ ನಿನ್ನ ಅಕ್ಕ,
ಹೊನ್ನವ್ವ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಅರ್ಜಿಯಲ್ಲಿ ನೀನು ಏನೂ ತುಂಬಬೇಡ, ನಾನೇ ತುಂಬಿದ್ದೇನೆ. ಮಹಾಲಿಂಗಪ್ಪ ಎಂದು ಬರೆದಿದ್ದೇನೆ. ಸಾಹೇಬ, ಮಾಸ್ತರ, ಪರಮೇಶಪ್ಪ ಎಂದು ಇಷ್ಟು ಹೊತ್ತು ಊರವರನ್ನೆಲ್ಲ ಬೈದೆ. ನಿನಗೆ ಇದುವರೆಗೂ ಹೇಳದ ಒಂದು ಮಾತಿದೆ. ಕೊನೆಯ ಸಲ ನಮ್ಮವರನ್ನು ನೋಡಲು ನಾನು ಜೈಲಿಗೆ ಹೋದಾಗ ನೀನು ಹೊರಗೆ ಟಾಂಗಾದ ಹತ್ತಿರ ನಿಂತಿದ್ದೆ. ನಾನು ಹೊರಬಂದ ಮೇಲೆ, ಮಾಮಾ ಏನಂದರು ಎಂದು ನೀನು ಕೇಳಿದೆ. ಎತ್ತಿನ ವಿಚಾರ ಎಂದು ನಾನೆಂದೆ. ಸುಳ್ಳು. ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ, ಸರಳು ಹಿಡಿದುಕೊಂಡಿದ್ದರು. "ಇಲ್ಲಿ ಎಲ್ಲಾರೂ ನಂಬರ ಹಿಡದ ಕರೀತಾರ. ನನ್ನ ಹೆಸರ ಕೇಳಿ ಭಾಳ ದಿನಾ ಆತು. ನೀ ಒಂದ ಸಲಾ ಹೆಸರ ಹಿಡದ ಕರಿ, ಹೊನ್ನಿ" ಎಂದರು. ನನಗೆ ನಾಚಿಕೆಯಾಯಿತು, ನಗುವೂ ಬಂತು. "ಬಿಡ್ರಿ, ಜನಾ ಅದಾರ" ಎಂದೆ. ಅಲ್ಲಿದ್ದದ್ದು ಒಬ್ಬನೇ ಪೊಲೀಸ. ಅವನೂ ಪಾಪ, ಆ ಕಡೆ ಮುಖ ಮಾಡಿ ನಿಂತಿದ್ದ.